ಜಾಕ್ಸನ್ ಪಾಲು ಅವರಿಗೇ ಸಲ್ಲಲಿ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ವಾರಿಯರ್ಸ್ ತಂಡದ 2015ರ ಕಪ್ ಗೆಲುವು ಪೂರ್ತಿ ಕೋಚ್ ಸ್ಟೀವ್ ಕರ್ ಅವರದೇ ಎಂದು ಬರೆದಿದ್ದೀರಿ. ನನಗೆ ಒಪ್ಪಲಾಗುತ್ತಿಲ್ಲ. ಮಾರ್ಕ್ ಜಾಕ್ಸನ್ 2011ರಲ್ಲಿ ಕೋಚ್ ಆಗಿ ಬಂದಾಗ ಆ ತಂಡದ ಡಿಫೆನ್ಸ್ ತೀರಾ ಸಡಿಲವಾಗಿತ್ತು. ಮೂರನೇ ವರ್ಷಕ್ಕೆ ಅದನ್ನು ಲೀಗಿನ ಗಟ್ಟಿ ಡಿಫೆನ್ಸ್‌ಗಳ ಸಾಲಿಗೆ ತಂದು, 51 ಪಂದ್ಯ ಗೆದ್ದುಕೊಟ್ಟರು. ಆಮೇಲೆ ಅವರನ್ನು ತೆಗೆದುಹಾಕಿ ಕರ್ ಅವರನ್ನು ತಂದರು! ಇದು ಈಗಲೂ ನನಗೆ ನೋವಿನ ಸಂಗತಿ.

ಹಾಗಂತ ಕರ್ ಬರೀ ಬೇರೆಯವರು ಬಿತ್ತಿದ್ದನ್ನು ಕೊಯ್ದರು ಅನ್ನುವುದೂ ತಪ್ಪು. ಮುಂಚೆ ಒಬ್ಬ ಚೆಂಡು ಹಿಡಿದು ನುಗ್ಗಿದರೆ ಉಳಿದ ನಾಲ್ವರು ಸುಮ್ಮನೆ ನಿಂತಿರುತ್ತಿದ್ದದ್ದೇ ಹೆಚ್ಚು. ಕರ್ ಬಂದ ಮೇಲೆ ಚೆಂಡು ಕೈಯಿಂದ ಕೈಗೆ ಓಡತೊಡಗಿತು. ಚೆಂಡು ಕೊಟ್ಟ ಮೇಲೂ ತಂಡದ ತಾರೆ ಸ್ಟೆಫ್ ಕರಿ ನಿಲ್ಲುತ್ತಿರಲಿಲ್ಲ, ಓಡುತ್ತಲೇ ಇರುತ್ತಿದ್ದರು. ಹೆಚ್ಚುಕಡಿಮೆ ಅದೇ ಆಟಗಾರರಿಂದ 67 ಗೆಲುವು ಬಂತು. ನಾಲ್ಕು ಪಂದ್ಯ ಗೆದ್ದವರಿಗೆ ಕಪ್ ಸಿಗುವ ಫೈನಲ್ಸ್‌ನಲ್ಲಿ ಎದುರಾಳಿ ಕ್ಲೀವ್‌ಲ್ಯಾಂಡ್ 2-1ರಿಂದ ಮುಂದಿದ್ದಾಗ ಎತ್ತರದ ಬೋಗಟ್ ಅವರನ್ನು ಕೂರಿಸಿ, ಇಗ್ವೊಡಾಲಾ ಅವರನ್ನು ಮೊದಲ ಐವರಲ್ಲಿ ಇಳಿಸಿದ್ದು ಎಂಥ ಎದೆಗಾರಿಕೆ! ಸತತ ಮೂರು ಪಂದ್ಯ ಗೆದ್ದು 40 ವರ್ಷಗಳ ನಂತರ ಕಪ್ ತಂದರು. ಜಾಕ್ಸನ್ ಕಟ್ಟಿದ ಡಿಫೆನ್ಸ್ ಇಲ್ಲದಿದ್ದರೆ ಆ ಪ್ರಯೋಗ ನಿಲ್ಲುತ್ತಿತ್ತೇ? ನನಗಂತೂ ಹಾಗೆ ಅನ್ನಿಸುವುದಿಲ್ಲ.