ಕಪ್ಪು ವಾಲ್‌ಪೇಪರ್ ಹಾಕಿದರೆ ಕರೆಂಟ್ ಉಳಿಯುತ್ತಾ?

ಮೈಸೂರಿನ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಮತ್ತೆ ಅದೇ ಮೆಸೇಜ್ ಬಂತು: ಮಾನಿಟರ್‌ಗೆ ಕಪ್ಪು ವಾಲ್‌ಪೇಪರ್ ಹಾಕಿ, ಕರೆಂಟ್ ಉಳಿಸಿ. ಹಳೇ ಡಬ್ಬಿ ಮಾನಿಟರ್ ಕಾಲಕ್ಕೆ ಇದು ಸ್ವಲ್ಪ ನಿಜವೇ. ಈಗಿನ ಬಹುತೇಕ ಮಾನಿಟರ್‌ಗಳಿಗೆ ಅಲ್ಲ. ‘ಎಲ್‌ಇಡಿ’ ಅಂತ ಮಾರುವುದೂ ಸಾಮಾನ್ಯವಾಗಿ ಎಲ್‌ಸಿಡಿಯೇ, ಅಂದರೆ ಹಿಂಬದಿಯ ಬೆಳಕನ್ನು ಬೇಕಾದಲ್ಲಿ ಬಿಟ್ಟು, ಬೇಡವಾದಲ್ಲಿ ತಡೆದು ಚಿತ್ರ ತೋರಿಸುವ ತೆರೆ; ಎಲ್‌ಇಡಿ ಇರುವುದು ತೆರೆಯ ಹಿಂದಿರುವ ದೀಪದಲ್ಲಿ. ತೆರೆ ಕಪ್ಪಾದರೂ ಆ ದೀಪ ಉರಿಯುತ್ತಲೇ ಇರುತ್ತದೆ. ಕಿಟಕಿಗೆ ಪರದೆ ಎಳೆದ ಹಾಗೆ, ಅಷ್ಟೇ.

ನೀವೇ ನೋಡಬಹುದು. ರಾತ್ರಿ ಲೈಟ್ ಆರಿಸಿ, ಪೂರ್ತಿ ಕಪ್ಪು ಚಿತ್ರ ತೆರೆಯಿರಿ. ನನ್ನದರಲ್ಲಿ ಕೆಳಗಿನ ಎಡಮೂಲೆ ಬೂದು ಬಣ್ಣಕ್ಕೆ ಹೊಳೆಯುತ್ತದೆ. ಬಾಕ್ಸ್ ಮೇಲೆ ಐಪಿಎಸ್, ವಿಎ, ಟಿಎನ್ ಅಂತಿದ್ದರೂ ಎಲ್‌ಸಿಡಿಯೇ. ಪ್ರತಿ ಪಿಕ್ಸೆಲ್ (ಚಿತ್ರದ ಚುಕ್ಕಿ) ತಾನೇ ಬೆಳಗುವ ಓಎಲ್‌ಇಡಿ ತೆರೆಯಲ್ಲಿ ಮಾತ್ರ ಕಪ್ಪು ಪಿಕ್ಸೆಲ್ ಆರಿಯೇ ಹೋಗುತ್ತದೆ, ಅಲ್ಲಿ ಉಳಿತಾಯ ನಿಜ. ಉಳಿದವರು ಬ್ರೈಟ್‌ನೆಸ್ ಇಳಿಸಿ. ವಾಲ್‌ಪೇಪರ್‌ನಲ್ಲಿ ಚಾಮುಂಡಿ ಬೆಟ್ಟ ಹಾಗೇ ಇರಲಿ.