ಲೇಡಿ ಬೇ ಬೀಚಿನ್ಯಾಗ ನನ್ನ ಯಾರೂ ನೋಡ್ಲಿಲ್ಲ

ಸಿಡ್ನಿಯಾಗ ಹೋದ ಬ್ಯಾಸಿಗ್ಯಾಗ ಆಫೀಸಿನ ಗೆಳತಿ ಒಬ್ಬಾಕಿ ನನ್ನ ವಾಟ್ಸನ್ಸ್ ಬೇ ಕಡೆ ಕರ್ಕೊಂಡು ಹೋದ್ಲು. ಸರ್ಕ್ಯುಲರ್ ಕೀಯಿಂದ ಫೆರಿ, ಆಮೇಲೆ ಕ್ಯಾಂಪ್ ಕೋವ್ ದಾಟಿ ನಡದ್ರ ಕಲ್ಲುಗುಡ್ಡದ ಕೆಳಗ ಸಣ್ಣದೊಂದು ಬೀಚ್ ಐತಿ, ಲೇಡಿ ಬೇ ಅಂತ. ಬಟ್ಟಿ ಇಲ್ದ ಈಜಾಕ 1976ರಾಗ ಇಲ್ಲಿ ಸರ್ಕಾರನ ಒಪ್ಪಿಗಿ ಕೊಟ್ಟ ಜಾಗ. ಅದ ದಾರಿ ಹಿಡದು ಮುಂದ ಹೋದ್ರ ಕೆಂಪು-ಬಿಳಿ ಪಟ್ಟಿ ಹಾರ್ನ್‌ಬಿ ಲೈಟ್‌ಹೌಸ್, ಹಂಗಾಗಿ ಮ್ಯಾಲೆ ಸಂಸಾರಸ್ಥರು ಮಕ್ಕಳ ಗಾಡಿ ತಳ್ಕೊಂಡು ಓಡಾಡ್ತಿರ್ತಾರ. ನೀ ಬಟ್ಟಿ ತಗೀಬೇಕಂತೇನಿಲ್ಲ, ಸುಮ್ನ ಕುಂತ್ಕೋ ಅಂದ್ಲು ಗೆಳತಿ. ಮೆಟ್ಟಿಲ ಇಳಿಯೋ ಮುಂದ ಎದಿ ಡವಡವ ಅಂತಿತ್ತು, ಅವರು ಬತ್ತಲೆ ಇರ್ತಾರಂತ ಅಲ್ಲ, ಸಲ್ವಾರ್ ಹಾಕ್ಕೊಂಡು ಬಂದ ನನ್ನನ್ನ ಎಲ್ಲಾರೂ ತಿರುಗಿ ನೋಡ್ತಾರಂತ.

ಯಾರೂ ನೋಡ್ಲಿಲ್ಲ. ಒಬ್ಬರೂ ಇಲ್ಲ.

ನನ್ನ ಪಕ್ಕಕ್ಕ ಟವೆಲ್ ಹಾಸ್ಕೊಂಡು ವಯಸ್ಸಾದ ಗಂಡ-ಹೆಂಡತಿ ಕುಂತಿದ್ರು. ಅಜ್ಜ ಪೇಪರ್ ಓದಾಕತ್ತಿದ್ದ, ಅಜ್ಜಿ ಆತನ ಬೆನ್ನಿಗೆ, ಕಿವಿ ಹಿಂದ, ಕುತ್ತಿಗಿ ಸಂದಿಗೆಲ್ಲ ಸನ್‌ಸ್ಕ್ರೀನ್ ತಿಕ್ಕಾಕತ್ತಿದ್ಲು (ಇಲ್ಲಿ ಮಂದಿಗೆ ಮೈ ತೋರ್ಸಾಕ ಹೆದರಿಕಿ ಇಲ್ಲ, ಬಿಸಿಲಿಂದು ಭಾಳ ಹೆದರಿಕಿ, ಚರ್ಮದ ಕ್ಯಾನ್ಸರ್ ಈ ದೇಶದಾಗ ಅಷ್ಟು ಐತಿ). ಆಕಿ ಈ ಕಡೆ ತಿರುಗಿದಾಗ ಕಂಡಿತು, ಒಂದು ಕಡೆ ಎದಿನ ಇಲ್ಲ. ಆಪರೇಷನ್ ಆದ ಗೆರಿ ಬಗಲಿನ ತನಕ ಹೋಗಿತ್ತು, ಹಳೇದಾಗಿ ಬೆಳ್ಳಗಾಗಿತ್ತು. ಆಕಿ ಅದನ್ನ ಮುಚ್ಕೊಳ್ಳಲಿಲ್ಲ, ಸಾವಕಾಶ ನೀರಿಗಿಳಿದ್ಲು, ಈಜಿದ್ಲು, ಬಂದು ಮಕ್ಕೊಂಡ್ಲು.

ಗಂಗಾವತಿಯಾಗ ನಮ್ಮ ಚಿಕ್ಕಮ್ಮಗೂ ಅದ ಆಪರೇಷನ್ ಆಗೇತಿ. ಅವತ್ತಿಂದ ಆಕಿ ಹೊಳಿಗೆ ಬರೋದ ಬಿಟ್ಟಾಳ. ಮದುವಿ-ಮುಂಜಿಗೆ ಬಂದ್ರೂ ಸುಡುಸುಡು ಬಿಸಿಲಾಗ ಮ್ಯಾಲೆ ಶಾಲ್ ಹೊದ್ಕೊಂಡ ಕುಂದಿರ್ತಾಳ, ಯಾಕಂದ್ರ ನಮ್ಮ ಮಂದಿ ಕಣ್ಣು ಮೊದ್ಲು ಅಲ್ಲೇ ಹೋಗ್ತಾವ. ಎಂಥಾ ಗಟ್ಟಿ ಹೆಣ್ಮಗಳು, ತುಂಗಭದ್ರಾದಾಗ ನನಗ ಈಜು ಕಲಿಸಿದಾಕಿ ಆಕಿ.

ನಾ ಕಾಲೇಜಿನಾಗ ಇದ್ದಾಗ ಒಂದು ಹುಣ್ಣಿಮಿಗೆ ನಾವೆಲ್ಲ ಹೊಳಿ ಜಳಕಕ್ಕ ಹೋಗಿದ್ವಿ. ಮೈತುಂಬ ಸೀರಿ, ಮ್ಯಾಲೆ ಟವೆಲ್. ದಂಡಿ ಮ್ಯಾಲೆ ಹುಡುಗರು ಮೊಬೈಲ್ ಹಿಡ್ಕೊಂಡು ಸಾಲಿಗೆ ನಿಂತಿದ್ರು, ವಿಡಿಯೋ ಮಾಡಾಕತ್ತಿದ್ದು ಎಲ್ಲಾರಿಗೂ ಕಾಣ್ತಿತ್ತು. ಅಲ್ಲಿದ್ದ ಹಿರ್ಯಾರು ಒಬ್ರು ಒದರಿ ಹೇಳಿದ್ದು ನಮಗ, "ಏ, ಲಗೂನ ಮುಗಿಸ್ಕೊಂಡು ಮ್ಯಾಲೆ ಬರ್ರಿ ಹೆಣ್ಮಕ್ಕಳು" ಅಂತ. ಹುಡುಗರಿಗೆ ಒಂದು ಮಾತಿಲ್ಲ. ಇವತ್ತಿಗೂ ನೆನಸ್ಕೊಂಡ್ರ ಹೊಟ್ಟಿ ಉರೀತೈತಿ ನನಗ.

ಇದನ್ನ ಹೇಳಿದ್ರ ನಮ್ಮವರು, ಅದು ಅವರ ಸಂಸ್ಕೃತಿ, ಅವರಿಗೆ ನಡೀತೈತಿ ಅಂತಾರ. ನಡೀತಿರ್ಲಿಲ್ರೀ. ಇದ ಸಿಡ್ನಿಯಾಗ ಒಂದು ಕಾಲಕ್ಕ ಹಗಲಿನಾಗ ಸಮುದ್ರದಾಗ ಜಳಕಾ ಮಾಡೋದ ಕಾನೂನಿಗೆ ವಿರುದ್ಧ ಇತ್ತು. 1902ರಾಗ ಇಲ್ಲಿಯ ಮ್ಯಾನ್ಲಿ ಬೀಚಿನ್ಯಾಗ ವಿಲಿಯಂ ಗೋಚರ್ ಅನ್ನೋ ಪತ್ರಿಕಾ ಸಂಪಾದಕ, ನಾ ಕಾನೂನು ಮುರೀತೀನಿ ಅಂತ ಹೇಳಿ ಹಾಡಹಗಲೇ ನೀರಿಗಿಳಿದ. ಬಾಂಡಿ ಬೀಚಿನ್ಯಾಗ 1961ರ ತನಕ ಇನ್ಸ್‌ಪೆಕ್ಟರ್ ಹೆಣ್ಮಕ್ಕಳ ಈಜುಡುಗಿ ಸಣ್ಣದಾತು ಅಂತ ಬೀಚ್ ಬಿಟ್ಟು ಕಳಿಸ್ತಿದ್ರು. ಅಲ್ಲಿಂದ 15 ವರ್ಷಕ್ಕ ಲೇಡಿ ಬೇ ಬಂತು. ಮಂದಿ ಬದಲಾಗ್ತಾರ, ಬದಲಾಗಬೇಕಂದ್ರ.

ಮತ್ತ ನಮಗೇನು ನೋಡೋ ರೀತಿ ಗೊತ್ತಿಲ್ಲೇನು? ನಮ್ಮ ಜಿಲ್ಲಾ ಕೊಪ್ಪಳ ಅಂದ್ರ ಹಳೇ ಕೊಪಣ, ಜೈನರ ದೊಡ್ಡ ತೀರ್ಥ. ದಿಗಂಬರ ಮುನಿಗಳು ರಸ್ತ್ಯಾಗ ನಡಕೊಂಡು ಬಂದ್ರ ಅದ ನಮ್ಮ ಮಂದಿ ಚಪ್ಪಲ್ ಬಿಟ್ಟು ಕೈ ಮುಗೀತಾರ, ಅವರ ಮಾರಿ ಬಿಟ್ಟು ಬ್ಯಾರೆ ಕಡೆ ಕಣ್ಣು ಹಾಯ್ಸಲ್ಲ. ವೈರಾಗ್ಯಾನೂ ಬಿಸಿಲು ಕಾಸೋದೂ ಒಂದ ಅಂತ ನಾ ಹೇಳಾಕತ್ತಿಲ್ಲ. ಕಣ್ಣು ತಡ್ಕೋಬೇಕಂದ್ರ ನಮಗ ತಡ್ಕೋಳಾಕ ಬರ್ತೈತಿ, ಹೊಳಿ ದಂಡಿಗೆ ಬಂದ ಕೂಡ್ಲೆ ಯಾಕ ಬರಂಗಿಲ್ಲ ಅಂತ ನನ್ನ ಪ್ರಶ್ನೆ.

ಇನ್ನ ಖರೆ ಹೇಳಬೇಕಂದ್ರ, ಅವತ್ತು ನಾವು ಮ್ಯಾಲೆ ಹತ್ತೋ ಮುಂದ ದಾರಿ ಮ್ಯಾಲೆ ಇಬ್ಬರು ಹುಡುಗರು ಫೋನ್ ಕೆಳಗ ಬಗ್ಗಿಸಿ ಝೂಮ್ ಮಾಡಾಕತ್ತಿದ್ರು, ಇಲ್ಲಿಯವರ. ಗೆಳತಿ ಬೈದ ಮ್ಯಾಲೆ ಜಾಗ ಖಾಲಿ ಮಾಡಿದ್ರು. ಬೀಚಿನ್ಯಾಗ ಗಂಡಸರ ಜಾಸ್ತಿ ಇದ್ರು, ಹೆಂಗಸರು ಬೆರಳೆಣಿಕಿ. ಮತ್ತ ನಮ್ಮ ಹೊಳ್ಯಾಗ ಒಂದು ಐತಿ, ಅದನ್ನ ಇಲ್ಲಿ ಕಾಣಲಿಲ್ಲ: ಬಟ್ಟಿ ಬದಲಿಸಬೇಕಂದ್ರ ಎಲ್ಲಿಯೋ ಊರಿನ ಗುರ್ತಿಲ್ಲದ ಹೆಂಗಸರು ಬಂದು ತಮ್ಮ ಸೀರಿ ಹರವಿ ಸುತ್ತ ಅಡ್ಡ ಹಿಡೀತಾರ. ಯವ್ವಾ, ಬೆನ್ನು ತಿಕ್ಲೇನು ಅಂತ ಕೇಳ್ತಾರ. ಆ ಹುಣ್ಣಿಮಿಗೂ ಹಿಡಿದಿದ್ರು.

ಆ ಅಜ್ಜಿ ಸುದ್ದಿ ಚಿಕ್ಕಮ್ಮಗ ಫೋನ್ ಮಾಡಿ ಹೇಳಿದೆ. ಆಕಿ ಕೇಳಿದ್ದು, ಆ ವಯಸ್ಸಿನಾಗ ಚೊಲೋ ಈಜ್ತಾಳೇನು ಅಂತ. ಆಮೇಲೆ, ನೀ ಊರಿಗೆ ಬಂದಾಗ ಹೊಳಿಗೆ ಹೋಗೋಣು, ನಸುಕಿನ್ಯಾಗ, ಮಂದಿ ಬರೋದ್ರೊಳಗ ಅಂದ್ಲು. ನಸುಕಿನ್ಯಾಗ ಯಾಕ, ಹಗಲಿಗೇ ಹೋಗೋಣು ಅಂದೀನಿ. ಇನ್ನೂ ಹೂಂ ಅಂದಿಲ್ಲ.