ದೂರದ ಮಣಿ ನುಣ್ಣಗೆ

ದಸರಾ ರಜೆಗೆ ಬೆಂಗಳೂರಿಂದ ತುಮಕೂರಿಗೆ ಬಂದ ಮೊಮ್ಮಗಳು ಬಟ್ಟೆ ಚೀಲದ ಜೊತೆ ಇನ್ನೊಂದು ಚೀಲ ತಂದಿದ್ದಳು. ಅದರ ತುಂಬ ಬಣ್ಣಬಣ್ಣದ ಪೊಟ್ಟಣಗಳು. ‘ತಾತ, ಇದು ಪಾಲಿಮರ್ ಕ್ಲೇ. ಮಣಿ ಮಾಡೋಣ’ ಅಂದಳು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರ್ ಆದವನು. ಗೋಳದ ಘನಫಲದ ಸೂತ್ರ ನಿದ್ದೆಯಲ್ಲೂ ಹೇಳುತ್ತೇನೆ. ಬಟಾಣಿಗಿಂತ ತುಸು ದಪ್ಪದ ಗೋಳ ಮಾಡೋದು ಯಾವ ಮಹಾ ಕೆಲಸ ಅಂದುಕೊಂಡೆ.

ಇದು ಕ್ಲೇ ಅನ್ನೋದು ಹೆಸರಿಗೆ ಮಾತ್ರ. ನಿಜವಾದ ಜೇಡಿಮಣ್ಣಲ್ಲ. ಮನೆಯ ನೀರಿನ ಪೈಪು ಯಾವ ಜಾತಿಯೋ ಇದೂ ಅದೇ, ಪಿವಿಸಿ. ಮೆತ್ತಗಿರಲಿ ಅಂತ ಎಣ್ಣೆಯಂಥದ್ದು ಬೆರೆಸಿರುತ್ತಾರೆ. ಬಿಸಿಲಿಗಿಟ್ಟರೆ ಒಣಗುವುದಿಲ್ಲ, 130 ಡಿಗ್ರಿ ಆಸುಪಾಸಿನಲ್ಲಿ ಬೇಯಿಸಬೇಕು. ಜಾಸ್ತಿ ಕಾದು ಸೀದರೆ ಕೆಟ್ಟ ಹೊಗೆ ಬರುತ್ತೆ. ‘ಪೈಪು ಬೇಯಿಸೋಕೆ ಮೊಮ್ಮಗಳು, ತಾತ ಇಬ್ಬರೂ ಬೇಕಾ?’ ಅಂದಳು ನಮ್ಮ ಮನೆಯಾಕೆ.

ಮನೇಲಿ ಓವನ್ ಇರಲಿಲ್ಲ. ಇದ್ದದ್ದು ತಟ್ಟೆ ಇಡ್ಲಿ ಪಾತ್ರೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿನ್ನೋಕೆ ಅಂತಲೇ ಜನ ಹೈವೇಲಿ ಕಾರು ನಿಲ್ಲಿಸುತ್ತಾರೆ, ನಮ್ಮನೆಯದ್ದೂ ಅದಕ್ಕೇನು ಕಡಿಮೆಯಿಲ್ಲ. ಮನೆಯಾಕೆ ತರಕಾರಿಗೆ ಹೋದಾಗ ಎರಡು ತಟ್ಟೆ ತುಂಬ ಮಣಿ ಜೋಡಿಸಿ ಅರ್ಧ ಗಂಟೆ ಹಬೆಯಲ್ಲಿಟ್ಟೆ. ಹಬೆ 100 ಡಿಗ್ರಿ ದಾಟೋದಿಲ್ಲ. ವಿಜ್ಞಾನದ ಮೇಷ್ಟ್ರು ರಜ ಹಾಕಿದಾಗ ನಾನೇ ಎಂಟನೇ ಕ್ಲಾಸಿಗೆ ಈ ಪಾಠ ಮಾಡಿದ್ದೆ. ಹುಡುಗರಿಗೆ ನೆನಪಿದೆಯೋ ಏನೋ, ನನಗಂತೂ ಇರಲಿಲ್ಲ. ಹೊರಬಂದ ಮಣಿ ಬೆರಳಲ್ಲಿ ಅಮುಕಿದರೆ ಬೆಲ್ಲದ ಉಂಡೆ ಹಾಗೆ ಮುರಿಯಿತು. ಈ ಕ್ಲೇಗೆ ಬಳಸಿದ ಪಾತ್ರೆಯನ್ನು ಮತ್ತೆ ಅಡುಗೆಗೆ ತಗೋಬಾರದು ಅಂತ ಆಮೇಲೆ ಮಗಳು ಫೋನಿನಲ್ಲಿ ಹೇಳಿದಳು. ಫೋನ್ ಸ್ಪೀಕರಿನಲ್ಲಿತ್ತು. ಇವಳು ಪಕ್ಕದಲ್ಲೇ ಇದ್ದಳು.

ಮೂಲೆ ಸೇರಿದ್ದ ಒಂದು ಹಳೇ ಓಟಿಜಿಯನ್ನು, ಅಂದರೆ ಕರೆಂಟಿನ ಪುಟ್ಟ ಓವನ್ನನ್ನು, ಅಳಿಯ ತಂದುಕೊಟ್ಟರು. ಮೊಮ್ಮಗಳು ಪರಕೆ ಕಡ್ಡಿಯಿಂದ ತೂತು ಮಾಡಿದಳು, ನಾನು ಉರುಟಿದೆ. 46 ಮಣಿ ಗಟ್ಟಿಯಾಗಿ ಹೊರಬಂದವು. ಓವನ್ನಿನ ಕಾಯೋ ಸರಳಿನ ಪಕ್ಕದಲ್ಲಿದ್ದ ಒಂದೇ ಒಂದು ಬಿಳಿ ಮಣಿ ನಿಪ್ಪಟ್ಟಿನ ಬಣ್ಣಕ್ಕೆ ತಿರುಗಿತ್ತು. ಅದನ್ನು ಕಿಟಕಿಯ ಮೇಲಿಟ್ಟೆ.

ಕನ್ನಡಕ ಹಾಕಿಕೊಂಡು ನೋಡಿದರೆ ಗುಂಡಗಿದ್ದ ಮಣಿಗಳ ಮೇಲೆಲ್ಲ ಗೆರೆ. ಸುಳಿ ಸುಳಿಯಾಗಿ, ಗೇಣಿಗೊಂದು ಬದು ಹಾಕಿದ ಹೊಲದ ಹಾಗೆ. ನನ್ನ ಹೆಬ್ಬೆಟ್ಟು! ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ಲಾಟೀನು ಹಿಡಿದು ಹಳ್ಳಿ ಹಳ್ಳಿ ತಿರುಗಿ, ‘ಹೆಬ್ಬೆಟ್ಟು ಒತ್ತಬೇಡಿ, ಸಹಿ ಕಲೀರಿ’ ಅಂತ ಗಂಟಲು ಹರಿದುಕೊಂಡವನು ನಾನು. ಈಗ ನಾನೇ 46 ಸಲ ಹೆಬ್ಬೆಟ್ಟು ಒತ್ತಿದ್ದೆ.

‘ತಾತ, ದೀಪಾವಳಿಗೆ ಬರ್ತೀನಿ. ಅಷ್ಟರಲ್ಲಿ ನುಣ್ಣಗೆ ಮಾಡಿಡು’ ಅಂತ ಹೇಳಿ ಅವಳು ಬಸ್ಸು ಹತ್ತಿದಳು.

ಉಜ್ಜೋಕೆ ವಾಟರ್ ಪೇಪರ್ ಬೇಕಿತ್ತು. ಕಾರು, ಬೈಕಿಗೆ ಬಣ್ಣ ಹೊಡೆಯೋರು ನೀರು ಹಚ್ಚಿ ಉಜ್ಜುತ್ತಾರಲ್ಲ, ಆ ಕಪ್ಪು ಹಾಳೆ. ಬಿ.ಎಚ್. ರಸ್ತೆಯ ಪೇಂಟ್ ಅಂಗಡಿಗೆ ಹೋದರೆ ಗಲ್ಲಾದ ಮೇಲೆ ಕೂತಿದ್ದವನು ನನ್ನ ಹಳೇ ಶಿಷ್ಯ. ಭಿನ್ನರಾಶಿ ಬಾರದೆ ವರ್ಷವೆಲ್ಲ ಬೆಂಚಿನ ಮೇಲೆ ನಿಂತವನು.

‘ಕಾರಿಗಾ ಸಾರ್?’

‘ಅಲ್ಲಪ್ಪ, ಮಣಿಗೆ.’

‘ಮಣಿ ಅಂದ್ರೆ ನಿಮ್ಮ ಪೇಂಟರಾ? ಅವರನ್ನೇ ಕಳಿಸಿ ಸಾರ್, ನೀವ್ಯಾಕೆ ಬರೋಕೆ ಹೋದ್ರಿ?’

ವಿವರಿಸಿ ಹೇಳಿದ ಮೇಲೆ 400, 600, 800, 1000, 1500, 2000 ಅಂತ ಆರು ನಂಬರ್ ಹಾಳೆ ಮುಂದಿಟ್ಟ. ನಂಬರ್ ಜಾಸ್ತಿಯಾದಷ್ಟೂ ಹಾಳೆ ನಯ. ಆರೂ ಯಾಕೆ, ಮಧ್ಯದ್ದೆಲ್ಲ ಸುಮ್ನೆ ವ್ಯಾಪಾರದ ಉಪಾಯ ಅಂತ ಲೆಕ್ಕ ಹಾಕಿ, ಮೊದಲನೆಯದು ಕೊನೆಯದು ಎರಡೇ ತಂದೆ.

400ರಲ್ಲಿ ಹೆಬ್ಬೆಟ್ಟು ಹೋಯಿತು, ಅದರ ಜಾಗದಲ್ಲಿ ಗೀರು ಬಂತು. 2000ದಲ್ಲಿ ಎರಡು ದಿನ ಉಜ್ಜಿದೆ. ಗೀರು ಹೋಗಲಿಲ್ಲ, ಗೀರಿಗೇ ಹೊಳಪು ಬಂತು. ಮತ್ತೆ ಅಂಗಡಿಗೆ.

‘ಸಾರ್, 400ರ ಗೀರು ತೆಗೆಯೋಕೆ 600, 600ರದ್ದು ತೆಗೆಯೋಕೆ 800. ಒಂದೊಂದೂ ಹಿಂದಿಂದರ ತಪ್ಪು ತಿದ್ದುತ್ತೆ. ಐದನೇ ಕ್ಲಾಸಿನ ಹುಡುಗನ್ನ ಸೀದಾ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸ್ತಿದ್ರಾ ನೀವು?’

ಉಳಿದ ನಾಲ್ಕು ಹಾಳೆ ಸುತ್ತಿಕೊಡುವಾಗ ಅವನ ಮುಖದಲ್ಲಿದ್ದ ಖುಷಿ ನೋಡಬೇಕಿತ್ತು. ಬೆಂಚಿನ ಲೆಕ್ಕ ಅವತ್ತು ಚುಕ್ತಾ.

ನೀರಿಲ್ಲದೆ ಮಣಿ ಉಜ್ಜಬಾರದು, ಪುಡಿ ಉಸಿರಿಗೆ ಹೋಗುತ್ತೆ. ಒಂದು ಬೋಗುಣಿ ನೀರಿಗೆ ಎರಡು ಹನಿ ಪಾತ್ರೆ ತೊಳೆಯೋ ಸೋಪು ಹಾಕಿ, ಅದರಲ್ಲಿ ಮುಳುಗಿಸಿ ಉಜ್ಜಬೇಕು. ನಮ್ಮ ಬೋರ್‌ವೆಲ್ ನೀರು ಎಷ್ಟು ಗಡಸು ಅಂದರೆ, ಆರಿದ ಮೇಲೆ ಮಣಿಗಳಿಗೆಲ್ಲ ವಿಭೂತಿ ಬಳಿದ ಹಾಗಾಯಿತು. ಕೊನೆಗೆ ತೊಳೆಯೋಕೆ ನಲ್ಲಿ ನೀರೇ ಆಗಬೇಕು. ಅದು ಹೇಮಾವತಿಯಿಂದ ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ಊರಿಗೆ ಬರೋ ನೀರು. ‘ಹೇಮಾವತಿ ಅಷ್ಟು ದೂರದಿಂದ ಹರಿದು ಬರೋದು ನಿಮ್ಮ ಪೈಪಿನ ಚೂರು ತೊಳೆಯೋಕಲ್ಲ’ ಅಂತ ಇವಳು ಕೊಡಪಾನಕ್ಕೆ ಮುಚ್ಚಳ ಹಾಕಿದಳು. ಒಂದು ಚೊಂಬಿಗೆ ರಾಜಿಯಾಯಿತು.

ಒಂದು ಮಣಿಗೆ ಒಂದು ಹಾಳೆಯಲ್ಲಿ ನೂರು ಉಜ್ಜು ಅಂತ ಲೆಕ್ಕ ಇಟ್ಟುಕೊಂಡೆ. ಬೆಳಗ್ಗೆ ಸ್ನಾನ ಮುಗಿಸಿ ಜಗಲಿಯಲ್ಲಿ ಪಂಚೆ ಉಟ್ಟು ಕೂತು, ಮಣಿ ಎರಡು ಬೆರಳಲ್ಲಿ ಹಿಡಿದು, ತುಟಿ ಅಲ್ಲಾಡಿಸುತ್ತ ಎಣಿಸೋದು. ಮೂರನೇ ದಿನ ಎದುರು ಮನೆಯ ಹುಡುಗ ಗೇಟಿನ ಹತ್ತಿರ ಚಪ್ಪಲಿ ಬಿಟ್ಟು ಕೈಕಟ್ಟಿಕೊಂಡು ನಿಂತಿದ್ದ. ಎಂಬತ್ತೇಳು, ಎಂಬತ್ತೆಂಟು ಅಂತಿದ್ದೆ, ನಿಲ್ಲಿಸೋ ಹಾಗಿರಲಿಲ್ಲ. ನೂರಾದ ಮೇಲೆ ತಲೆ ಎತ್ತಿದೆ. ‘ಜಪ ಮುಗೀತಾ ಅಂಕಲ್? ಸ್ಕ್ರೂ ಡ್ರೈವರ್ ಬೇಕಿತ್ತು’ ಅಂದ. ಅವತ್ತಿನಿಂದ ಬೀದಿಯಲ್ಲಿ ನನಗೆ ಮರ್ಯಾದೆ ಸ್ವಲ್ಪ ಜಾಸ್ತಿ. ನಾನೂ ತಿದ್ದೋಕೆ ಹೋಗಿಲ್ಲ.

ಮಧ್ಯೆ ಒಂದು ಅಡ್ಡದಾರಿ ಹಿಡಿದೆ. ಮಗಳು ಬಿಟ್ಟುಹೋಗಿದ್ದ ಬಣ್ಣವಿಲ್ಲದ ನೈಲ್ ಪಾಲಿಶನ್ನು ನಾಲ್ಕು ಮಣಿಗೆ ಹಚ್ಚಿ ನ್ಯೂಸ್ ಪೇಪರ್ ಮೇಲಿಟ್ಟೆ. ಹಚ್ಚಿದಾಗ ಕನ್ನಡಿ! ಎರಡು ದಿನವಾದರೂ ಅಂಟು ಹೋಗಲಿಲ್ಲ. ಆ ಪಾಲಿಶಿನ ದ್ರಾವಣಕ್ಕೂ ಈ ಕ್ಲೇಗೂ ಆಗಿ ಬರೋಲ್ಲವಂತೆ. ಕಿತ್ತಾಗ ಒಂದರ ಮೈಗೆ ಕೊಬ್ಬರಿ ಧಾರಣೆ ಅಂಟಿಕೊಂಡಿತ್ತು. ಆ ನಾಲ್ಕನ್ನೂ 400ರಿಂದ ಮತ್ತೆ ಒಂದನೇ ಕ್ಲಾಸಿಗೆ ಸೇರಿಸಿದೆ.

2000 ಮುಗಿದ ಮೇಲೆ ಮಣಿ ರೇಷ್ಮೆ ಹಾಗಿರುತ್ತೆ, ಆದರೆ ಹೊಳೆಯೋದಿಲ್ಲ. ಅದಕ್ಕೆ ಜೀನ್ಸ್ ಬಟ್ಟೆಯಲ್ಲಿ ತಿಕ್ಕಬೇಕು. ಪಂಚೆ, ಪೈಜಾಮದ ಮನೇಲಿ ಜೀನ್ಸ್ ಎಲ್ಲಿಂದ ಬರಬೇಕು? ಪ್ಯಾಂಟಿನ ಉದ್ದ ಕತ್ತರಿಸೋ ಟೈಲರ್ ಹತ್ತಿರ ಹೋಗಿ, ಕೆಳಗೆ ಬಿದ್ದ ತುಂಡು ಆರಿಸಿಕೊಂಡು ಬಂದೆ. ಹತ್ತು ನಿಮಿಷ ತಿಕ್ಕಿದೆ. ಕಡುನೀಲಿ ಮಣಿಯೊಳಗೆ ಮೊದಲು ಒಂದು ಬಿಳಿ ಮಸುಕು ಕಂಡಿತು. ಇನ್ನೂ ತಿಕ್ಕಿದೆ. ಮಸುಕು ಸಣ್ಣಗಾಗುತ್ತ ಬಂದು ಬಿಳಿ ಗೆರೆಯಾಯಿತು. ನಮ್ಮ ಹಾಲ್‌ನ ಟ್ಯೂಬ್‌ಲೈಟ್! ಇವಳನ್ನು ಕೂಗಿ ತೋರಿಸಿದೆ. ಅವಳೂ ಎರಡು ಸಲ ತಿರುಗಿಸಿ ನೋಡಿ, ‘ಟ್ಯೂಬ್‌ಲೈಟ್ ಮೇಲೆ ಬಲೆ ಕಟ್ಟಿದೆ, ತೆಗೀರಿ’ ಅಂದಳು.

ದೀಪಾವಳಿಗೆ ಮೊಮ್ಮಗಳು ಬಂದು 45 ಮಣಿಯ ಸರ ಹಾಕಿಕೊಂಡು, ಊರೆಲ್ಲ ತೋರಿಸಿ ಬೆಂಗಳೂರಿಗೆ ಹೋದಳು.

ಆಮೇಲೆ ಬಂತು ನನ್ನ ಸರದಿ. ನವೆಂಬರಿನಲ್ಲಿ ನಮ್ಮಂಥ ಪಿಂಚಣಿದಾರರು ಬದುಕಿದ್ದೇವೆ ಅಂತ ಸರ್ಟಿಫಿಕೇಟ್ ಕೊಡಬೇಕು. ಸೇವಾ ಕೇಂದ್ರಕ್ಕೆ ಹೋಗಿ ಗಾಜಿನ ಮೇಲೆ ಬೆರಳಿಟ್ಟೆ. ಕೆಂಪು ದೀಪ. ‘ಒರೆಸ್ಕೊಂಡು ಇಡಿ ತಾತ.’ ಕೆಂಪು. ‘ಆ ಕೈ ಇಡಿ.’ ಕೆಂಪು. ಹತ್ತೂ ಬೆರಳಾಯಿತು. ಆ ಹುಡುಗಿ ನನ್ನ ಹೆಬ್ಬೆರಳು ಹಿಡಿದು ಬೆಳಕಿಗೆ ತಿರುಗಿಸಿದಳು. ನುಣ್ಣಗೆ, ಗೆರೆಯೇ ಇಲ್ಲದೆ, 2000 ನಂಬರ್ ಮುಗಿದ ಮಣಿ ಹಾಗಿತ್ತು.

‘ಗಾರೆ ಕೆಲಸ ಮಾಡ್ತೀರಾ ತಾತ?’

‘ಇಲ್ಲಮ್ಮ, ಗಣಿತದ ಮೇಷ್ಟ್ರು.’

‘ಮೊಬೈಲಲ್ಲಿ ಮುಖ ತೋರಿಸಿ ಮಾಡಬಹುದು, ಆದ್ರೆ ಈಗ ನೆಟ್ ಇಲ್ಲ. ಕೂತಿರಿ.’

ಕೂತೆ. ಮಧ್ಯಾಹ್ನವಾದರೂ ಮನೆಗೆ ಬರಲಿಲ್ಲ ಅಂತ ಇವಳು ಫೋನ್ ಮಾಡಿದಳು.

‘ಏನ್ರೀ, ಬದುಕಿದ್ದೀರಿ ಅಂತ ಒಪ್ಕೊಂಡ್ರಾ?’

‘ಇನ್ನೂ ಇಲ್ಲ. ಬೆರಳಲ್ಲಿ ಗೆರೆಯೇ ಇಲ್ಲವಂತೆ.’

ಸ್ವಲ್ಪ ಹೊತ್ತು ಸದ್ದಿಲ್ಲ.

‘ಕಿಟಕಿ ಮೇಲೆ ಆ ಕಂದಿದ ಮಣಿ ಹಾಗೇ ಇದೆ. ಅದರಲ್ಲಿ ನಿಮ್ಮ ಹೆಬ್ಬೆಟ್ಟು ಚೆನ್ನಾಗಿ ಮೂಡಿದೆ. ಆಟೋದಲ್ಲಿ ತಂದುಕೊಡ್ಲಾ?’